ನೂರಾ ನಲವತ್ತಮೂರು ಮಂದಿಯ ತೃಪ್ತಿ

ರಾಯಚೂರಿನ ಮೇ ತಿಂಗಳಲ್ಲಿ ಲಕೋಟೆಗೆ ಅರಗಿನ ಮುದ್ರೆ ಒತ್ತಲು ಮೇಣದಬತ್ತಿ ಬೇಕಾಗುವುದಿಲ್ಲ. ಅರಗಿನ ಕಡ್ಡಿಯನ್ನು ಕಿಟಕಿಯಲ್ಲಿಟ್ಟು ಎರಡು ಸಲ ಕೆಮ್ಮಿದರೆ ಸಾಕು, ತಾನೇ ಕರಗಿ ಬಂದು ಲಕೋಟೆಯ ಮೇಲೆ ಕೂರುತ್ತದೆ. ಎಂಬತ್ನಾಲ್ಕನೆಯ ಇಸವಿಯ ಮೇ ಅಂತೂ ಇನ್ನೂ ಒಂದು ಕೈ ಮೇಲು. ಅಂಥ ಒಂದು ಮಧ್ಯಾಹ್ನ ಊರಿನ ಪದವಿ ಕಾಲೇಜೊಂದರ ಕಚೇರಿಯಲ್ಲಿ ಹೆಡ್ ಕ್ಲರ್ಕ್ ವೆಂಕೋಬರಾಯರು ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ, ವಿಶ್ವವಿದ್ಯಾಲಯದಿಂದ ಬಂದ ಕಟ್ಟೊಂದನ್ನು ಬಿಚ್ಚಿದರು.

ವೆಂಕೋಬರಾಯರೆಂದರೆ ಸಾಮಾನ್ಯರಲ್ಲ. ಕಡತವನ್ನು ಮೂಸಿ ನೋಡಿ ಅದು ಯಾವ ಇಸವಿಯದೆಂದು ಹೇಳಬಲ್ಲವರು. ಚಹಾ ಬಸಿದಾಗ ಕೈಗೆತ್ತಿಕೊಂಡ ಇಡೀ ವರ್ಷದ ಪ್ರವೇಶಪಟ್ಟಿಯನ್ನು ಆ ಚಹಾ ಆರುವುದರೊಳಗೆ ಮುಗಿಸಿದವರು. ಇದನ್ನು ಅವರೇ ಹೇಳುತ್ತಿದ್ದರು, ದಿನಕ್ಕೆ ಮೂರು ಸಲ.

ಕಟ್ಟಿನಲ್ಲಿ ಅಚ್ಚಾದ ನಮೂನೆಗಳಿದ್ದವು. ಮೇಲೆ ದಪ್ಪಕ್ಷರದಲ್ಲಿ 'ಪದವಿ ಮುಗಿಸಿ ಹೊರಡುವ ವಿದ್ಯಾರ್ಥಿಗಳ ತೃಪ್ತಿಯ ಅಳತೆ' ಎಂದಿತ್ತು. ಪಾಠ ಹೇಗಿತ್ತು, ಗ್ರಂಥಾಲಯ ಹೇಗಿತ್ತು, ಕಚೇರಿಯವರು ಹೇಗೆ ನಡೆದುಕೊಂಡರು ಎಂದು ಇಪ್ಪತ್ತೆರಡು ಪ್ರಶ್ನೆ. ಒಂದೊಂದಕ್ಕೂ 'ಅತ್ಯಂತ ತೃಪ್ತಿ'ಯಿಂದ 'ಅತ್ಯಂತ ಅತೃಪ್ತಿ'ಯ ತನಕ ಐದು ಚೌಕ. ಕಾಲೇಜಿನಲ್ಲಿ ಉಳಿಸಿಕೊಳ್ಳಲು ಒಂದೊಂದಕ್ಕೂ ಒಂದು ನಕಲು. ವಿದ್ಯಾರ್ಥಿಗಳು ಸ್ವತಃ ತುಂಬಬೇಕು, ಎಂಟು ದಿನದಲ್ಲಿ ವಾಪಸು ಬರಬೇಕು ಎಂದು ಜೊತೆಗಿದ್ದ ಪತ್ರದ ಅಪ್ಪಣೆ.

ಅಟೆಂಡರ್ ಮಲ್ಲಯ್ಯ ಬಗ್ಗಿ ನೋಡಿದ. "ತೃಪ್ತಿ ಅಳೆಯೋದು ಯಾವುದ್ರಾಗರೀ ರಾಯರ? ಸೇರು ತರ್ಲ್ಯೋ, ಪಾವು ತರ್ಲ್ಯೋ?"

"ನಮ್ಮ ಕಾಲೇಜಿನ ತೃಪ್ತಿ ಸೇರಿನಾಗ ಹಿಡೀತದೇನೋ? ಚೀಲದ್ಲೆ ಅಳೀಬೇಕು!"

ಆದರೆ ಅಳೆಯಲು ವಿದ್ಯಾರ್ಥಿಗಳೇ ಇರಲಿಲ್ಲ. ಪರೀಕ್ಷೆ ಮುಗಿದು, ಹುಡುಗರೆಲ್ಲ ದೇವದುರ್ಗಕ್ಕೋ ಮಾನವಿಗೋ ಗಿಲ್ಲೆಸುಗೂರಿಗೋ ಹೊರಟುಹೋಗಿದ್ದರು. ಒಬ್ಬೊಬ್ಬರನ್ನೂ ಹುಡುಕಿಸುವುದೆಂದರೆ ಎಂಟು ದಿನದ ಮಾತೇ? ವೆಂಕೋಬರಾಯರು ಮೂಗಿನ ಮೇಲೆ ಕನ್ನಡಕ ಏರಿಸಿದರು. "ಕೂಡೋ ಮಲ್ಲಯ್ಯ. ಉಂಡವರನ್ನ ಊಟ ಹೆಂಗಿತ್ತು ಅಂತ ಕೇಳಿದ್ರ ಏನಂತಾರ?"

"ಭೇಷ್ ಇತ್ತು ಅಂತಾರ್ರೀ."

"ಸಾರಿಗೆ ಉಪ್ಪಿಲ್ದಿದ್ರೂ?"

"ಉಪ್ಪಿಲ್ದಿದ್ರೂ."

"ಮತ್ತ? ಅವರನ್ನ ಕೇಳೋದು ಯಾಕ ಬೇಕು? ಅವರು ಹೇಳೋದು ನಮಗ ಗೊತ್ತದ. ಬರಿ."

ಹೀಗೆ ಮೇ ಒಂಬತ್ತನೆಯ ತಾರೀಖು ಇಬ್ಬರೂ ಕೂತು ನೂರಾ ನಲವತ್ತಮೂರು ಮಂದಿಯ ತೃಪ್ತಿಯನ್ನು ತುಂಬಿದರು. ಒಂದೇ ಕೈಬರಹವೆಂದು ಯಾರಾದರೂ ಪತ್ತೆ ಹಚ್ಚಿಯಾರೆಂದು ರಾಯರು ಹೂಡಿದ ಉಪಾಯವನ್ನು ದಿಲ್ಲಿಯ ಮಂತ್ರಿಗಳೂ ಕಲಿಯಬೇಕು. ದೇವದುರ್ಗದವರಿಗೆ ನೀಲಿ ಶಾಯಿ, ರಾಯಚೂರಿನವರಿಗೆ ಕಪ್ಪು, ಮಾನವಿಯವರದನ್ನೆಲ್ಲ ಮಲ್ಲಯ್ಯ ಎಡಗೈಯಲ್ಲಿ ಬರೆಯುವುದು.

ಹದಿನೇಳನೆಯ ಪ್ರಶ್ನೆಗೆ ಬಂದಾಗ ಮಲ್ಲಯ್ಯನ ಎಡಗೈ ನಿಂತಿತು. "ಇದು 'ವಿದ್ಯಾರ್ಥಿನಿಯರಿಗೆ ಇರುವ ಅನುಕೂಲ' ಅಂತದರೀ. ನಮ್ಮಲ್ಲಿ ಹೆಣ್ಮಕ್ಕಳಿಗೆ ಏನೂ ಇಲ್ಲಲ್ರೀ. ಏನ್ ಹಾಕ್ಲಿ?"

"ಏನೂ ಇಲ್ಲ ಅಂತ ಯಾರರ ಬಂದು ಅತ್ತಾರೇನು?"

"ಇಲ್ರೀ."

"ಅತ್ತಿಲ್ಲ ಅಂದ್ರ ತೃಪ್ತಿ. ಹಾಕು."

ಜೂನ್ ತಿಂಗಳಲ್ಲಿ ಜವಾಬು ಬಂತು. ಇಡೀ ವಿಶ್ವವಿದ್ಯಾಲಯದಲ್ಲಿ ಈ ಕಾಲೇಜೇ ಮೊದಲನೆಯದು! ಶೇಕಡಾ ನೂರು! ಪ್ರಿನ್ಸಿಪಾಲರು ಪತ್ರದ ಮೊದಲ ಪ್ಯಾರಾವನ್ನು ಎಲ್ಲರಿಗೂ ಓದಿ ಹೇಳಿ, ಮಿರ್ಚಿ ಬಜ್ಜಿ ತರಿಸಿದರು. ಅವತ್ತು ರಾಯರು ತಿಂದ ಬಜ್ಜಿ ಹನ್ನೊಂದು. ಮಲ್ಲಯ್ಯ ಎಣಿಸಿದ ಪ್ರಕಾರ ಹದಿನಾಲ್ಕು.

ಪತ್ರವನ್ನು ಕಡತಕ್ಕೆ ಹಾಕುವಾಗ ರಾಯರು ಎರಡನೆಯ ಪ್ಯಾರಾ ಓದಿದರು. ವಿದ್ಯಾರ್ಥಿನಿಯರ ವಿಶ್ರಾಂತಿ ಕೋಣೆ ಮತ್ತು ಶೌಚಾಲಯಕ್ಕಾಗಿ ಕಾಲೇಜು ಮೂರು ವರ್ಷದ ಹಿಂದೆ ಸಲ್ಲಿಸಿದ್ದ ಅರ್ಜಿಯ ಮಾತು ಅಲ್ಲಿತ್ತು. ಹದಿನೇಳನೆಯ ಪ್ರಶ್ನೆಗೆ ನಿಮ್ಮ ವಿದ್ಯಾರ್ಥಿನಿಯರೆಲ್ಲ ಅತ್ಯಂತ ತೃಪ್ತಿ ತಿಳಿಸಿರುವುದರಿಂದ ಆ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಸಹಾಯಧನವು ಅತೃಪ್ತಿ ಹೆಚ್ಚಿರುವ ಕಾಲೇಜುಗಳಿಗೆ ಹೋಗಲಿದೆ.

ಹನ್ನೊಂದು ಬಜ್ಜಿಯ ಖಾರ ರಾಯರಿಗೆ ಆಗ ಹತ್ತಿತು. ಒಂದು ತಂಬಿಗೆ ನೀರು ಕುಡಿದು, ಪತ್ರವನ್ನು ಕಡತದೊಳಗೆ ತುರುಕಿ, ದಾರ ಬಿಗಿದರು.

ಮೂರನೆಯ ದಿನ ಸರ್ವರಿ ಬೇಗಂ ಬಂದರು. ಮಾನವಿಯ ಬಜಾರದಲ್ಲಿ ಹಗ್ಗ, ಕಣ್ಣಿ ಮಾರುವ ಅಂಗಡಿ ಅವರದು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಅಂಗಡಿ ನಡೆಸಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ ಹೆಂಗಸು. ಅವರು ಮಾರಿದ ಹಗ್ಗ ಕಟ್ಟಿದರೆ ಎತ್ತಲ್ಲ, ಬಿರುಗಾಳಿಯೂ ಕಿತ್ತುಕೊಂಡು ಹೋಗದೆಂದು ಮಾನವಿಯಲ್ಲಿ ಪ್ರತೀತಿ. ಹಿರಿಯ ಮಗಳು ವಾಹಿದಾ ಬಿ.ಎ. ಪಾಸಾಗಿದ್ದಳು, ಅವಳ ಟಿ.ಸಿ. ಒಯ್ಯಲು ಬಂದಿದ್ದರು.

"ಬರ್ರಿ ಬೇಗಂರ, ಕೂಡ್ರಿ! ವಾಹಿದಾ ಫಸ್ಟ್ ಕ್ಲಾಸು! ಸಣ್ಣಾಕಿದೂ ಪಿ.ಯು.ಸಿ. ಆತಂತಲ್ಲ? ಆಕಿ ಅರ್ಜಿನೂ ಇವತ್ತ ತುಂಬಿಬಿಡೋಣು."

"ಬ್ಯಾಡ್ರೀ ರಾಯರ. ಮಹಬೂಬೀಗೆ ಇಷ್ಟಕ್ಕ ಸಾಕು. ಅಂಗಡ್ಯಾಗ ಕುಂದರ್ತಾಳ."

"ಅಯ್ಯ, ಅಷ್ಟು ಶಾಣ್ಯಾ ಹುಡುಗಿ! ಯಾಕ?"

"ಅಕ್ಕ ಓದಿದ್ದು ನೋಡಿ ಸಾಕಾಗ್ಯದ."

ರಾಯರಿಗೆ ಹುರುಪು ಬಂತು. ಇಂಥವರಿಗಾಗಿಯೇ ಅಲ್ಲವೇ ಮೊದಲನೆಯ ನಂಬರು? "ಏನ್ ಮಾತಾಡ್ತೀರಿ! ತೃಪ್ತಿಯೊಳಗ ನಮ್ಮ ಕಾಲೇಜು ಫಸ್ಟ್ ಬಂದದ. ನಿಮ್ಮ ವಾಹಿದಾ ಏನು ಬರದಾಳ, ಅದನ್ನರ ನೋಡ್ರಿ." ಕಪಾಟಿನಿಂದ ನಕಲು ತೆಗೆದು ಮೇಜಿನ ಮೇಲೆ ಹರಡಿದರು. "ಇಪ್ಪತ್ತೆರಡಕ್ಕ ಇಪ್ಪತ್ತೆರಡೂ ಅತ್ಯಂತ ತೃಪ್ತಿ!"

ಸರ್ವರಿ ಬೇಗಂಗೆ ಉರ್ದು ಬಿಟ್ಟರೆ ಬೇರೆ ಓದು ಬಾರದು. ಆದರೆ ಅಂಕಿ ಯಾರಿಗಿಂತಲೂ ಚೆನ್ನಾಗಿ ಬರುತ್ತಿತ್ತು. ಅವರ ಬೆರಳು ಕಾಗದದ ಕೆಳಗಿದ್ದ ತಾರೀಖಿನ ಮೇಲೆ ನಿಂತಿತು.

"ಇದು ಮೇ ಒಂಬತ್ತಲ್ರೀ?"

"ಹೌದು."

"ಅವತ್ತ ನಮ್ಮ ಹುಡುಗಿ ದವಾಖಾನ್ಯಾಗ ಇದ್ಳು. ಐದು ದಿನ ಸಲೈನ್ ಏರಿಸಿದ್ರು. ಸೂಜಿ ಬಲಗೈಗೆ ಇತ್ತು." ತಲೆಯೆತ್ತಿ ನೋಡಿದರು. "ಎಡಗೈಲೆ ಬರದ್ಳೇನು?"

ಬಾಗಿಲಲ್ಲಿ ನಿಂತಿದ್ದ ಮಲ್ಲಯ್ಯ ತನ್ನ ಎಡಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿಕೊಂಡ.

"ಹೆಂಗಸರ ಮಾತು, ಗಂಡಸರ ಮುಂದ ಆಡಬಾರದು. ಆದ್ರ ನೀವು ಕಾಗದ ತೋರ್ಸಿದ್ರಿ, ಅದಕ್ಕ ಹೇಳಾಕತ್ತೀನಿ. ಮುಂಜಾನಿ ಏಳಕ್ಕ ಬಸ್ಸು, ಸಂಜಿ ಆರಕ್ಕ ಮನಿ. ನಡುವ ಇಲ್ಲಿ ಹೆಣ್ಮಕ್ಕಳಿಗೆ ಹೋಗಾಕ ಒಂದು ಮರೆ ಇಲ್ಲ. 'ನೀರು ಕುಡೀಬ್ಯಾಡ ಬೇಟಿ' ಅಂತ ದಿನಾ ನಾನೇ ಹೇಳಿ ಕಳಿಸ್ತಿದ್ದೆ. ಮೂರು ವರ್ಷ. ಕಡೀಗೆ ಕಿಡ್ನಿಗೆ ನಂಜು ಏರ್ಯದ ಅಂದ್ರು ಡಾಕ್ಟರು. ಇನ್ನೊಬ್ಬಾಕಿಗೂ ಅದೇ ಮಾತು ಹೇಳಿ ಕಳಿಸ್ಲೇನು?"

ರಾಯರು ನಕಲನ್ನು ಹಿಂದಕ್ಕೆ ಎಳೆದುಕೊಂಡರು. "ನಮಗ ಯಾರೂ ಹೇಳಲೇ ಇಲ್ಲ, ಬೇಗಂರ..."

"ಹೇಳ್ರಿ ಅಂತ ಸರಕಾರ ಕಾಗದ ಕಳಿಸ್ಯದಲ್ರೀ. ಜವಾಬು ಬರೆದೋರು ಯಾರು?"

ಟಿ.ಸಿ. ತೆಗೆದುಕೊಂಡು ಸರ್ವರಿ ಬೇಗಂ ಹೊರಟುಹೋದರು. ವೆಂಕೋಬರಾಯರು ಆ ಮಧ್ಯಾಹ್ನ ಆಡಿದ ಮಾತು ಎರಡೇ ಎರಡು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥದು ನಡೆದಿರಲಿಲ್ಲ. ಗೋಡೆಯ ಹಲ್ಲಿಗಳೂ ಗಾಬರಿಯಾಗಿ ಇಣುಕಿ ನೋಡಿದವು.

ಸಂಜೆ ಊಟಕ್ಕೆ ಕೂತಾಗ ರಾಯರು ಹೆಂಡತಿಯನ್ನು ಕೇಳಿದರು: "ತುಳಸೀ, ಈ ಮನ್ಯಾಗ ನಿನಗ ತೃಪ್ತಿ ಅದ ಇಲ್ಲೋ?"

ತುಳಸಿಬಾಯಿ ಬಡಿಸುವ ಸೌಟನ್ನು ಹಾಗೆಯೇ ಹಿಡಿದು ನಿಂತರು. "ಇಪ್ಪತ್ತೆರಡು ವರ್ಷದಾಗ ಇವತ್ತು ಕೇಳಿದ್ರಿ. ಹೇಳ್ಲೇನು?"

"ಹೇಳು."

ಹೇಳಿದರು. ಅಡಿಗೆಮನೆಯ ಹೊಗೆಗಿಂಡಿ ಮುಚ್ಚಿಹೋದದ್ದರಿಂದ ಆರಂಭವಾದ ಮಾತು ಅವರ ತಂಗಿಯ ಮದುವೆಗೆ ಕಳಿಸದಿದ್ದಲ್ಲಿಗೆ ಬಂದು ಮುಟ್ಟುವುದರೊಳಗೆ ಎಲೆಯ ಮೇಲಿನ ಅನ್ನ ಆರಿ ಒಣಗಿ ಮುಂದಿನ ವರ್ಷದ ಸಂಡಿಗೆಯಾಗಲು ತಯಾರಾಗಿತ್ತು. ನಲವತ್ತೊಂದು ದೂರು. ರಾಯರು ಎಣಿಸಿದ್ದರು. ಕೊನೆಗೆ ತುಳಸಿಬಾಯಿ, "ಉಳಿದದ್ದೆಲ್ಲಾ ಛಲೋನೇ ಅದ," ಎಂದು ನಕ್ಕು ತುಪ್ಪ ಹಾಕಿದರು. ಇಷ್ಟು ಹೇಳಿಕೊಂಡವಳ ಮುಖ ಇಷ್ಟು ಹಗುರಾದದ್ದನ್ನು ರಾಯರು ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಮರುದಿನ ಅವರು ಪ್ರಿನ್ಸಿಪಾಲರ ಮುಂದೆ ಒಂದು ಕಾಗದ ಇಟ್ಟರು. ನೂರಾ ನಲವತ್ತಮೂರು ನಮೂನೆಗಳನ್ನೂ ತಾನೇ ತುಂಬಿಸಿದ್ದು, ಅಟೆಂಡರ್ ಮಲ್ಲಯ್ಯ ತನ್ನ ಮಾತಿಗೆ ಕಟ್ಟುಬಿದ್ದು ಬರೆದದ್ದು, ಅವನ್ನು ರದ್ದು ಮಾಡಿ ಹೊಸದಾಗಿ ಅಳೆಯಲು ಅವಕಾಶ ಕೊಡಬೇಕು ಎಂಬ ತಪ್ಪೊಪ್ಪಿಗೆ.

"ತಲಿ ಕೆಟ್ಟದೇನ್ರಿ?" ಪ್ರಿನ್ಸಿಪಾಲರು ಎದ್ದೇ ನಿಂತರು. "ಹಿಂದುಳಿದ ಕಡೆಯವರು, ಬಿಸಿಲಿನವರು ಅಂತ ಎಲ್ಲಾರೂ ನಗ್ತಾರ ನಮಗ. ಒಂದು ಸಲ ಮೊದಲನೇ ನಂಬರು ಬಂದದ. ಅದನ್ನೂ ವಾಪಸ್ ಕೊಡೋಣ ಅಂತೀರಿ! ನಿಮ್ಮ ಇಂಕ್ರಿಮೆಂಟು ನಿಲ್ತದ, ಗೊತ್ತದ ಇಲ್ಲೋ?"

"ನಿಲ್ಲಲಿ ಸರ್. ಆ ನಂಬರು ನಾನು ತಂದದ್ದು, ಹುಡುಗ್ರು ತಂದಿಲ್ಲ." ಆಮೇಲೆ ಎರಡನೆಯ ಪ್ಯಾರಾ ಓದಿ ಹೇಳಿದರು. ಸರ್ವರಿ ಬೇಗಂ ಹೇಳಿದ್ದನ್ನೂ ಹೇಳಿದರು.

ಪ್ರಿನ್ಸಿಪಾಲರು ಮತ್ತೆ ಕೂತು ಪೆನ್ನಿನ ಮುಚ್ಚಳ ತೆಗೆದರು. "ಆ ಅರ್ಜಿ ನಾನೇ ಬರೆದಿದ್ದೆ. ಬರೆದು ಮರತುಬಿಟ್ಟೆ," ಎಂದು ರುಜು ಹಾಕಿದರು.

ಅಲ್ಲಿಂದ ಮುಂದೆ ವೆಂಕೋಬರಾಯರು ಮಾಡಿದ ದಂಡಯಾತ್ರೆಯನ್ನು ಯಾವ ಬಾದಶಹನೂ ಮಾಡಿಲ್ಲ. ವಿಶ್ವವಿದ್ಯಾಲಯ ಕಳಿಸಿದ ಹೊಸ ನಮೂನೆಗಳ ಚೀಲ ಹೆಗಲಿಗೆ ಹಾಕಿ ದೇವದುರ್ಗದ ಬಸ್ಸು ಹತ್ತಿದರು. ಅದು ತಗ್ಗಿಗೊಮ್ಮೆ ಹಾರಿ ಹಾರಿ ಅರ್ಧ ದಾರಿಯನ್ನು ಆಕಾಶದಲ್ಲೇ ಮುಗಿಸಿತು. ದೇವದುರ್ಗದಲ್ಲಿ ಹುಡುಗರು ಮೊದಲು 'ಎಲ್ಲಾ ಭೇಷ್ ಇತ್ರೀ ಸರ್' ಎಂದೇ ಹಲ್ಲು ಕಿಸಿದರು. "ನಾನು ಹೊರಗ ಕೂಡ್ತೀನಿ, ನೀವು ಒಳಗ ಬರೀರಿ. ಬರೆದದ್ದು ನಾನು ಓದೂದಿಲ್ಲ," ಎಂದು ರಾಯರು ಬೇವಿನ ಗಿಡದ ನೆರಳಿಗೆ ಹೋದ ಮೇಲೆ ಲೇಖನಿಗಳು ಓಡತೊಡಗಿದವು. ಜಿಲಾನಿ ಪಾಷಾ ಎಂಬವನಂತೂ ಅಂಚಿನಲ್ಲೆಲ್ಲ ಬರೆದು ಜಾಗ ಸಾಲದೆ, "ಸರ್, ಇನ್ನೊಂದು ಹಾಳಿ ಕೊಡ್ರಿ," ಎಂದು ಹೊರಗೆ ಬಂದ. "ಕಚೇರಿಯವರ ಬಗ್ಗೆ ಬರಿಯಾಕತ್ತೀನಿ. ಸಿಟ್ಟಾಗಬ್ಯಾಡ್ರಿ."

"ಎರಡು ತಗೋ," ಎಂದರು ರಾಯರು.

ಮಾನವಿಗೆ ಹೋದದ್ದು ಎರಡು ದಿನ ಬಿಟ್ಟು. ಹಗ್ಗದ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಸರ್ವರಿ ಬೇಗಂ ಚಾಪೆ ಹಾಸಿ, ರೂಹಫ್ಜಾ ಶರಬತ್ತು ತಂದಿಟ್ಟರು. ವಾಹಿದಾ ಇನ್ನೂ ಬಡಕಲಾಗಿಯೇ ಇದ್ದಳು. ನಮೂನೆ ಕೈಗೆ ತೆಗೆದುಕೊಂಡು ತಾಯಿಯ ಮುಖ ನೋಡಿದಳು.

"ಬರೆದ್ರ ನನ್ನ ಮಾರ್ಕ್ಸ್ ಕಾರ್ಡಿಗೆ ಏನರ ಆಗ್ತದೇನ್ರಿ ಸರ್?"

"ಏನರ ಆಗೋದಿದ್ರ ನನಗ ಆಗ್ತದವ್ವಾ. ನನ್ನ ತಪ್ಪು ಮೊದಲೇ ಬರೆದು ಕೊಟ್ಟೀನಿ. ನೀ ಬರಿ."

ಬಲಗೈಯ ಮೇಲೆ ಸೂಜಿಯ ಕಲೆ ಇನ್ನೂ ನೀಲಿಯಾಗಿತ್ತು. ಆ ಕೈಯಿಂದ ವಾಹಿದಾ ಒಂದು ಗಂಟೆ ಬರೆದಳು. ಹದಿನೇಳನೆಯ ಪ್ರಶ್ನೆಗೆ ಚೌಕ ಸಾಲದೆ ಹಾಳೆಯ ಬೆನ್ನಿಗೂ ಬರೆದಳು. ಮುಗಿಸಿ, ಓದಿರೆಂದು ಅವಳೇ ಮುಂದೆ ಚಾಚಿದಳು. ಓದುತ್ತ ಹೋದ ರಾಯರು ಒಂದು ಕಡೆ ನಿಂತರು.

"ಪಾಠಕ್ಕ ಅತ್ಯಂತ ತೃಪ್ತಿ ಅಂತ ಹಾಕೀದಿ? ಗ್ರಂಥಾಲಯಕ್ಕೂ? ಹೆದರಬ್ಯಾಡ ಅಂದೆನಲ್ಲ."

"ಹೆದರಿ ಹಾಕಿಲ್ರೀ ಸರ್," ವಾಹಿದಾ ನಕ್ಕಳು. "ಅದು ಖರೇನೇ. ಮೇಷ್ಟ್ರು ಇತಿಹಾಸ ಹೇಳಾಕತ್ತಿದ್ರ ನೀರಡಿಕಿನೂ ಮರೀತಿತ್ತು. ಆ ಮೂರು ವರ್ಷ ಮತ್ತ ಕೊಡ್ತೀವಿ ಅಂದ್ರ ಈಗಲೇ ಬಸ್ ಹತ್ತತೀನಿ."

ತಾನು ಹಾಕಿಸಿದ ಮೂರು ಸಾವಿರ ಚಿಲ್ಲರೆ ತೃಪ್ತಿಗಳನ್ನು ತಕ್ಕಡಿಯ ಒಂದು ತಟ್ಟೆಗೂ, ಈ ಹುಡುಗಿಯ ಎರಡನ್ನು ಇನ್ನೊಂದಕ್ಕೂ ಹಾಕಿದರೆ ಯಾವುದು ಕೆಳಗಿಳಿಯುತ್ತದೆಂದು ರಾಯರಿಗೆ ತಿಳಿಯಿತು. ಅವರು ಕಾಗದವನ್ನು ಮಡಿಸದೆ, ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಎತ್ತಿ ಚೀಲಕ್ಕೆ ಹಾಕಿದರು.

ಮಹಬೂಬೀ ಬಾಗಿಲ ಪರದೆಯ ಹಿಂದೆ ನಿಂತಿದ್ದಳು. ಪರದೆ ಅಲುಗುತ್ತಿತ್ತು.

"ಬೇಗಂರ, ಸಣ್ಣಾಕಿ ಅರ್ಜಿ..."

"ನೀವು ಬಂದ್ರಿ, ಕೇಳಿದ್ರಿ. ನಿಮ್ಮ ದೊಡ್ಡತನ," ಎಂದರು ಸರ್ವರಿ ಬೇಗಂ. "ಆದ್ರ ಸರಕಾರ ಮಂಜೂರು ಮಾಡೋದು ಯಾವಾಗ, ಗ್ವಾಡಿ ಏಳೋದು ಯಾವಾಗ? ಅಲ್ಲೀತನ ಆಕಿ ಕಿಡ್ನಿ ಏನ್ ಮಾಡ್ಬೇಕು?"

ರಾಯರು ಯೋಚಿಸಿದರು. "ಮಾಸ್ತರರದು ಒಂದು ಪಾಯಖಾನಿ ಅದ. ಹಿತ್ತಲ ಕಡೆ. ತಪಾಸಣಿಯವರು ಬಂದಾಗಷ್ಟೇ ಬೀಗ ತೆಗೀತೀವಿ. ಅದನ್ನ ಇನ್ನ ಹೆಣ್ಮಕ್ಕಳಿಗೆ ಬಿಡಿಸ್ತೀನಿ."

"ಮಾಸ್ತರರು ಒಪ್ತಾರೇನು?"

"ಒಪ್ಪಿಸ್ತೀನಿ. ನಾನು ಅಂದ್ರ ಏನಂತ ತಿಳದೀರಿ!" ಅಂದವರು ತಕ್ಷಣ ದನಿ ತಗ್ಗಿಸಿದರು. "ಪ್ರಯತ್ನ ಮಾಡ್ತೀನ್ರಿ."

"ನಾನೇ ಬಂದು ನೋಡ್ತೀನಿ. ಆಮ್ಯಾಲೆ ಸಹಿ."

ಜುಲೈ ಮೊದಲ ಸೋಮವಾರ ಕಾಲೇಜು ತೆರೆಯಿತು. ಅಷ್ಟರಲ್ಲಿ ರಾಯರು ಮಾಸ್ತರರೊಂದಿಗೆ ನಡೆಸಿದ ಯುದ್ಧ ಏಳು ದಿನದ್ದು. ಒಬ್ಬರು ಮಾತು ಬಿಟ್ಟರು, ಇಬ್ಬರು ಚಹಾ ಬಿಟ್ಟರು, ಕೊನೆಗೆ ಎಲ್ಲರೂ ಬೀಗ ಬಿಟ್ಟರು. ಮಲ್ಲಯ್ಯ ಗೋಡೆಗೆ ಸುಣ್ಣ ಬಳಿದು, ಹೊಸ ಚಿಲಕ ಹಾಕಿ, ತೊಟ್ಟಿಗೆ ನೀರು ತುಂಬಿದ. ವಿಶ್ವವಿದ್ಯಾಲಯದಿಂದ ಬಂದದ್ದು ಎರಡು ಪತ್ರ. ಒಂದರಲ್ಲಿ ರಾಯರ ಇಂಕ್ರಿಮೆಂಟು ಒಂದು ವರ್ಷ ನಿಂತಿತ್ತು. ಇನ್ನೊಂದರಲ್ಲಿ ಹಳೆಯ ಅರ್ಜಿಯನ್ನು ಮತ್ತೆ ತೆರೆದಿದ್ದರು. ಕಾಲೇಜು ಮೊದಲನೆಯ ನಂಬರಿನಿಂದ ಹತ್ತೊಂಬತ್ತಕ್ಕೆ ಇಳಿದಿತ್ತು. ಇಳಿದರೂ ಇಂಥ ಅಚ್ಚುಕಟ್ಟಾದ ಹತ್ತೊಂಬತ್ತು ಇಡೀ ಕರ್ನಾಟಕದಲ್ಲೇ ಇಲ್ಲವೆಂದು ರಾಯರು ಸಾರಿಕೊಂಡು ತಿರುಗುತ್ತಿದ್ದರು.

ಹತ್ತು ಗಂಟೆಗೆ ಸರ್ವರಿ ಬೇಗಂ ಮಹಬೂಬೀಯನ್ನು ಕರೆದುಕೊಂಡು ಬಂದರು. ಕಚೇರಿಗೆ ಬರದೆ ನೇರ ಹಿತ್ತಲಿಗೆ ಹೋದರು. ಒಳಗಿನಿಂದ ಚಿಲಕ ಹಾಕಿ ತೆಗೆದು, ಹಾಕಿ ತೆಗೆದು ನೋಡಿದರು. ತೊಟ್ಟಿಯಲ್ಲಿ ಕೈಯಾಡಿಸಿದರು. ಹೊರಬಂದು ಗೋಡೆಯ ಎತ್ತರವನ್ನು ಹಗ್ಗ ಅಳೆಯುವಂತೆ ಕಣ್ಣಲ್ಲೇ ಅಳೆದರು. ಆಮೇಲೆ ಕಚೇರಿಗೆ ಬಂದು, ಪ್ರವೇಶದ ಅರ್ಜಿ ಕೇಳಿ, ಪಾಲಕರ ಜಾಗದಲ್ಲಿ ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಸಹಿ ಮಾಡಿದರು.

ವರಾಂಡದ ಮೂಲೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಹರವಿ ಇತ್ತು. ಬಸ್ಸಿನ ಧೂಳು ಕುಡಿದು ಬಂದಿದ್ದ ಮಹಬೂಬೀ ಅದರ ಹತ್ತಿರ ಹೋಗಿ ಗ್ಲಾಸು ತುಂಬಿಕೊಂಡಳು. ಬಾಯಿಗಿಡುವ ಮೊದಲು, ರೂಢಿಯಂತೆ, ತಾಯಿಯ ಕಡೆ ತಿರುಗಿ ನೋಡಿದಳು. ಹುಡುಗಿ ಗಟಗಟನೆ ಕುಡಿದು ಗ್ಲಾಸು ಕೆಳಗಿಟ್ಟಳು.

"ಇನ್ನೊಂದು ಗ್ಲಾಸ್ ಕುಡಿ, ಬೇಟಿ," ಎಂದರು ಸರ್ವರಿ ಬೇಗಂ.