ಐದು ಭೂಮಿ ಬೇಕಾದ ಮನೆ

ನಮ್ಮ ಕಡೆ ಸಂಬಂಧ ಬೆಳೆಸುವ ಮೊದಲು ಯಾರನ್ನಾದರೂ ಯಾವುದೋ ನೆಪದಲ್ಲಿ ಕಳಿಸಿ, ಮನೆ ಹೇಗಿದೆ, ದನಕರು ಎಷ್ಟಿವೆ ಎಂದು ಗುಟ್ಟಾಗಿ ವಿಚಾರಿಸುವುದು ಇದ್ದದ್ದೇ. ಹಾಗಾಗಿ ನಮ್ಮ ಯಜಮಾನರಾದ ಶಿವಸ್ವಾಮಿಯವರನ್ನು ಪೂರ್ತಿ ಬೈಯುವ ಹಾಗಿಲ್ಲ. ಆದರೂ ಬೈದೆ, ಬೈಯುವಷ್ಟೂ ಬೈದೆ.

ಬಿಳಿಗೆರೆಯ ನಮ್ಮ ಮನೆಗೆ ಹೇಮಲತಾ ಎಂಬ ಕಾಲೇಜು ಹುಡುಗಿ ಮೊಬೈಲ್ ಹಿಡಿದು ಬಂದಳು. ಒಂದೊಂದು ಮನೆಯವರ ದಿನನಿತ್ಯದ ಬದುಕಿನಿಂದ ಭೂಮಿಯ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಲೆಕ್ಕ ಹಾಕುವುದು ಅವಳ ಕೆಲಸವಂತೆ. ಯಜಮಾನರ ಕಿವಿಗೆ ಅದೊಂದೂ ಬೀಳಲಿಲ್ಲ, ಊರು ಕವಲಂದೆ ಎಂದದ್ದು ಮಾತ್ರ ಬಿತ್ತು. ನಮ್ಮ ಮಗಳು ಶಾಂತಿಗೆ ಮಾತುಕತೆ ನಡೆಯುತ್ತಿದ್ದದ್ದು ಕವಲಂದೆಯ ನಂಜುಂಡೇಶನ ಜೊತೆ. ಈ ಹುಡುಗಿ ಅವನ ಚಿಕ್ಕಪ್ಪನ ಮಗಳು. ನಮ್ಮ ಮನೆ ನೋಡಿಕೊಂಡು ಬರಲು ಅವರೇ ಇವಳನ್ನು ಕಳಿಸಿದ್ದಾರೆ ಎಂದುಕೊಂಡುಬಿಟ್ಟರು ಯಜಮಾನರು.

ಜಗಲಿಯಲ್ಲೇ ಕೂರಿಸಿಕೊಂಡು ಶುರು ಮಾಡಿದರು. ಕಾರು ಎರಡು ಇವೆ, ಸರ್ವೀಸಿಗೆ ಹೋಗಿವೆ. ರೂಮಿಗೊಂದು ಎ.ಸಿ. ವರ್ಷಕ್ಕೊಂದು ಹೊಸ ಮೊಬೈಲು. ವಿಮಾನವಂತೂ ನಮಗೆ ಬಸ್ಸಿದ್ದ ಹಾಗೆ. ಮಂಡಕಳ್ಳಿ ವಿಮಾನ ನಿಲ್ದಾಣದ ಬೇಲಿಯಾಚೆ ನಿಂತು ವಿಮಾನ ಇಳಿಯುವುದನ್ನು ನೋಡಿದ್ದು ಬಿಟ್ಟರೆ ಈ ಮಹಾರಾಯರು ಅದರ ಮೆಟ್ಟಿಲನ್ನೂ ತುಳಿದವರಲ್ಲ. ಅಡುಗೆಮನೆಯಲ್ಲಿ ನನ್ನ ಮೈಯೆಲ್ಲ ಉರಿಯಿತು. ಸಗಣಿ ಕಲಸಿ ಹಾಕಿ ಗೋಬರ್ ಗ್ಯಾಸಿನಲ್ಲಿ ಬೇಯಿಸುವವಳು ನಾನು. ಬಚ್ಚಲ ನೀರನ್ನು ಬಾಳೆಗೆ ತಿರುಗಿಸಿದವಳು ನಾನು. ಹಳೆಯ ಸೀರೆ ಎಸೆದವಳಲ್ಲ, ಹೊಲಿದು ಹೊದೆಯುವುದಕ್ಕೆ ಮಾಡಿದವಳು. ಅದೆಲ್ಲವನ್ನೂ ಒಂದು ಲೋಟ ಮಜ್ಜಿಗೆ ಕುಡಿಯುವಷ್ಟರಲ್ಲಿ ಅಳಿಸಿ ಹಾಕಿಬಿಟ್ಟರು. ಹುಡುಗಿ ಹೋದ ಮೇಲೆ ಜಾಡಿಸಿದರೆ, ಮಗಳ ಬಾಳಿನ ಪ್ರಶ್ನೆ, ಸುಮ್ಮನಿರು ಎಂದು ನನಗೇ ಬುದ್ಧಿ ಹೇಳಿದರು.

ಆಮೇಲೊಂದು ಭಾನುವಾರ ನಮ್ಮೂರಿನ ಸಮುದಾಯ ಭವನದಲ್ಲಿ ಫಲಿತಾಂಶ ಹೇಳುತ್ತಾರೆಂದು ಎಲ್ಲರನ್ನೂ ಕರೆದರು. ಯಜಮಾನರು ಇಸ್ತ್ರಿ ಪಂಚೆ ಉಟ್ಟು ಮುಂದೆ ಕುಳಿತರು. ಹೇಮಲತಾಳ ಜೊತೆ ಅವಳ ಕಾಲೇಜಿನ ಮೇಷ್ಟ್ರೂ, ಅವಳ ದೊಡ್ಡಮ್ಮನೂ ಬಂದಿದ್ದರು. ದೊಡ್ಡಮ್ಮ ಎಂದರೆ ನಂಜುಂಡೇಶನ ತಾಯಿ.

ಮೇಷ್ಟ್ರು ಒಬ್ಬೊಬ್ಬರ ಮನೆಯದನ್ನೂ ಓದಿದರು. ಪ್ರಪಂಚದವರೆಲ್ಲ ಇವರ ಹಾಗೆ ಬದುಕಿದರೆ ಒಂದು ಭೂಮಿ ಸಾಕು, ಅವರ ಹಾಗಾದರೆ ಒಂದೂವರೆ ಬೇಕು, ಹೀಗೆ. ಶಿವಸ್ವಾಮಿಯವರ ಹಾಗಾದರೆ ಐದು ಭೂಮಿ ಬೇಕು ಎಂದಾಗ ನಮ್ಮವರು ನನ್ನ ಕಡೆ ತಿರುಗಿ ಮೀಸೆ ನೀವಿದರು. ಫಸ್ಟ್ ಬಂದೆವು ಎಂದುಕೊಂಡಿದ್ದರು ಪಾಪ. ಮೇಷ್ಟ್ರು ಬಿಡಿಸಿ ಹೇಳಿದರು: ಕಡಿಮೆ ಬಂದಷ್ಟೂ ಒಳ್ಳೆಯದು, ಎಲ್ಲರಿಗಿಂತ ಹೆಚ್ಚು ಹಾಳು ಮಾಡುವ ಮನೆ ಇದು. ಭವನವೆಲ್ಲ ನಕ್ಕಿತು. ಯಜಮಾನರ ಮುಖ ಇಷ್ಟೇ ಇಷ್ಟಾಯಿತು.

ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದ ಶಾಂತಿ ಎದ್ದಳು. ನಾನು ಸೆರಗು ಹಿಡಿದು ಜಗ್ಗಿದೆ. ಅಪ್ಪ ಸುಳ್ಳು ಹೇಳಿದ್ದಾನೆ ಎಂದು ಗಂಡಿನ ತಾಯಿಯ ಎದುರಿಗೇ ಒಪ್ಪಿಕೊಂಡರೆ ಯಾರು ತಾನೇ ಹೆಣ್ಣು ತಂದುಕೊಳ್ಳುತ್ತಾರೆ? ಹುಡುಗ ಅವಳಿಗೂ ಹಿಡಿಸಿದ್ದ, ಅದು ನನಗೆ ಗೊತ್ತಿತ್ತು. ಅವಳು ಮೆಲ್ಲಗೆ ಸೆರಗು ಬಿಡಿಸಿಕೊಂಡಳು.

"ಸಾರ್, ನಮ್ಮನೆ ಲೆಕ್ಕ ತಪ್ಪು. ಕಾರಿಲ್ಲ, ಎ.ಸಿ. ಇಲ್ಲ. ನಾನು ಪಾಠ ಮಾಡೋದು ಟಿ. ನರಸೀಪುರದಲ್ಲಿ, ದಿನಾ ಬಸ್ಸಲ್ಲೇ ಹೋಗ್ಬರ್ತೀನಿ. ನಮ್ಮಪ್ಪ ನನಗೋಸ್ಕರ ದೊಡ್ಡದು ಮಾಡಿ ಹೇಳಿದ್ದಾರೆ. ನಮ್ಮವ್ವ ಈ ಮನೆ ನಡೆಸಿರೋ ರೀತಿ ನನಗೆ ಹೆಮ್ಮೆ. ಅದನ್ನ ಬರ್ಕೊಳಿ."

ಇಷ್ಟು ವರ್ಷ ಸಗಣಿ ಕಲಸಿದ ಈ ಕೈಯನ್ನು ಯಾರೂ ಹೀಗೆ ಎತ್ತಿ ತೋರಿಸಿರಲಿಲ್ಲ. ಹೇಮಲತಾ ಅಲ್ಲೇ ಮತ್ತೆ ಒಂದೊಂದಾಗಿ ಕೇಳಿದಳು, ಶಾಂತಿ ಉತ್ತರ ಕೊಟ್ಟಳು. ಬಾಳೆಗಿಡದ ವಿಷಯ ಮರೆತಳೆಂದು ನಾನೇ ಎದ್ದು ಸೇರಿಸಿದೆ. ಒಂದು ಭೂಮಿಯೂ ಪೂರ್ತಿ ಬೇಕಾಗಿಲ್ಲ ಎಂದು ಬಂತು. ನಕ್ಕವರೇ ಚಪ್ಪಾಳೆ ತಟ್ಟಿದರು.

ನಂಜುಂಡೇಶನ ತಾಯಿ ಎದ್ದು ನಮ್ಮ ಹತ್ತಿರ ಬಂದರು.

"ಐದು ಭೂಮಿ ಬೇಕು ಅನ್ನೋ ಮನೆ ಹುಡುಗೀನ ಎಂಗಪ್ಪ ಸಾಕೋದು ಅಂತ ಎದ್ರುಕೊಂಡಿದ್ದೆ ಕಣವ್ವ," ಎಂದು ತಮ್ಮ ಮುಡಿಯ ಮಲ್ಲಿಗೆಯಲ್ಲಿ ಅರ್ಧ ಮುರಿದು ಶಾಂತಿಗೆ ಮುಡಿಸಲು ಕೈ ಎತ್ತಿದರು. ಹೂ ಮುಡಿಸಿದರೆ ಸಂಬಂಧ ಗಟ್ಟಿಯಾದಂತೆ.

ಶಾಂತಿ ಒಂದು ಹೆಜ್ಜೆ ಹಿಂದೆ ಸರಿದಳು.

"ನಿಮ್ಮನೆ ಲೆಕ್ಕಾನೂ ಹಾಕ್ಸಿ ಅಮ್ಮಾ. ಅದನ್ನ ಕೇಳ್ಕೊಂಡು ಮುಡ್ಕೊತೀನಿ."

ಯಜಮಾನರು ತಲೆಯ ಮೇಲೆ ಕೈ ಹೊತ್ತರು. ನನಗೆ ಮಾತ್ರ ಹೊಟ್ಟೆ ತಣ್ಣಗಾಯಿತು. ಇವಳು ನನ್ನ ಮಗಳು, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಎಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತು.

ನಂಜುಂಡೇಶನ ತಾಯಿ ಹೂವನ್ನು ಕೈಯಲ್ಲೇ ಹಿಡಿದುಕೊಂಡರು. ಆಮೇಲೆ ಕುರ್ಚಿ ಎಳೆದುಕೊಂಡು ಹೇಮಲತಾಳ ಎದುರು ಕುಳಿತರು.

"ಬರ್ಕೊಳವ್ವ," ಎಂದರು. "ಎ.ಸಿ. ಎರಡು ಅವೆ. ಇವತ್ತಿಂದ ಒಂದು."