ವೆಲಿಕಾ ಚಿಕ್ಕಮ್ಮನ ಬೆಟ್ಟದ ಚಹಾ

ಚಿಕ್ಕಮ್ಮ ಕಳಿಸಿದ ಚೀಲದ ಸೊಪ್ಪು ಮಾತ್ರ ಫ್ಲೂ ವೈರಸ್ಸನ್ನು ತಡೆಯುತ್ತಿತ್ತು. ಬೇರೆ ಕಡೆಯಿಂದ ತರಿಸಿದ ಅದೇ ಬೆಟ್ಟದ ಚಹಾ ಎಂಬ ಕಷಾಯದ ಗಿಡ, ಅದೇ ಬೂದು ಎಲೆ, ಅದೇ ಹಳದಿ ಹೂವು, ಏನೂ ಮಾಡುತ್ತಿರಲಿಲ್ಲ. ಸ್ಮೋಲ್ಯನ್ ಪಟ್ಟಣದ ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಇದು ನಿಮ್ಮೂರ ಮಣ್ಣಿನ ಗುಣ ಎಂದರು. ರೊಡೊಪಿ ಬೆಟ್ಟದವರಾದ ನಮ್ಮ ಮುಂದೆ ಊರಿನ ಮಣ್ಣನ್ನು ಹೊಗಳಿದರೆ ಮುಗಿಯಿತು, ಬುದ್ಧಿ ಕೆಲಸ ನಿಲ್ಲಿಸುತ್ತದೆ. ನಾನು ಉಬ್ಬಿಹೋಗಿ, ನಿಮ್ಮ ಸೊಪ್ಪು ಫ್ಲೂ ತಡೆಯುತ್ತದೆ ಎಂದು ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿಯೂ ಬಿಟ್ಟೆ.

ಇವತ್ತು ಬೆಳಿಗ್ಗೆ ಚೀಲದ ತಳದ ಸೊಪ್ಪನ್ನು ಅಂಗೈಯಲ್ಲಿಟ್ಟು ಉಜ್ಜಿದೆ. ಮೂಗಿಗೆ ಹೊಡೆದದ್ದು ತಂಬಾಕಿನ ವಾಸನೆ. ನಮ್ಮೂರ ಮನೆಗಳಲ್ಲಿ ತೇವ ತಾಕದ ಜಾಗವೆಂದರೆ ಅಟ್ಟ ಒಂದೇ. ಅಲ್ಲಿ ತಂಬಾಕಿನ ಎಲೆಗಳನ್ನು ದಾರಕ್ಕೆ ಪೋಣಿಸಿ ಸಾಲಾಗಿ ತೂಗುಹಾಕುತ್ತಾರೆ. ಚಿಕ್ಕಮ್ಮ ಅದರಡಿಯಲ್ಲೇ ಬಟ್ಟೆ ಹಾಸಿ ಚಹಾ ಸೊಪ್ಪು ಹರವಿದ್ದಳು. ಮೇಲಿಂದ ಉದುರಿದ ತಂಬಾಕಿನ ಚೂರು ಅದರಲ್ಲಿ ಬೆರೆತಿತ್ತು. ಪ್ರಯೋಗದ ತಟ್ಟೆಯಲ್ಲಿ ವೈರಸ್ಸು ಬೆಳೆಯದಿದ್ದದ್ದು ಗಿಡದ ಮಹಿಮೆಯಿಂದಲ್ಲ. ವೈರಸ್ಸು ಬೆಳೆಸಲು ಅಲ್ಲಿಟ್ಟಿದ್ದ ಜೀವಕೋಶಗಳೇ ತಂಬಾಕಿನ ವಿಷಕ್ಕೆ ಸೊರಗಿದ್ದವು, ಅವುಗಳಲ್ಲಿ ವೈರಸ್ಸು ಬೆಳೆಯುವುದಾದರೂ ಹೇಗೆ?

ತಕ್ಷಣ ಊರಿಗೆ ಫೋನ್ ಮಾಡಿದೆ.

"ಚಿಕ್ಕಮ್ಮ, ಆ ಸೊಪ್ಪು ಯಾರಿಗೂ ಕೊಟ್ಟಿಲ್ಲ ತಾನೇ?"

"ಕೊಡದೆ ಏನ್ಮಾಡ್ಲೇ? ರಾಲಿತ್ಸಾಗೆ ನಿನ್ನೆಯಿಂದ ಜ್ವರ. ಗಟ್ಟಿಯಾಗಿ ಕುದಿಸಿ ಗಂಟೆಗೊಂದು ಲೋಟ ಕುಡಿಸ್ತಿದ್ದೀನಿ. ನೀನೇ ಹೇಳಿದ್ದಲ್ವೇ, ಪ್ರೊಫೆಸರಮ್ಮ?"

ರಾಲಿತ್ಸಾ ಅವಳ ಮೊಮ್ಮಗಳು, ಇನ್ನೂ ಶಾಲೆಯ ಮುಖ ನೋಡದ ಮಗು. ಮಗುವಿನ ಅಪ್ಪ ಅಮ್ಮ ಗ್ರೀಸಿನಲ್ಲಿ ದುಡಿಯುತ್ತಿದ್ದರು.

"ಇನ್ನು ಒಂದು ಹನಿಯೂ ಬೇಡ. ವಾಂತಿ ಆಗ್ತಿದೆಯಾ?"

"ಆಗ್ತಿದೆ. ಆಗ್ಲಿ ಬಿಡು, ಕೆಟ್ಟದ್ದೆಲ್ಲ ಹೊರಗೆ ಹೋಗುತ್ತೆ."

ಆಂಬುಲೆನ್ಸ್ ಬೇರೊಂದು ಹಳ್ಳಿಗೆ ಹೋಗಿತ್ತು. ನಾನೇ ಕಾರು ಹತ್ತಿದೆ. ಹಿಮ ಬಿದ್ದ ತಿರುವುಗಳಲ್ಲಿ ಚಕ್ರ ಜಾರಿದಾಗಲೆಲ್ಲ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಗು ಸುಣ್ಣದ ಹಾಗೆ ಬಿಳಿಚಿಕೊಂಡು ಮಲಗಿತ್ತು. ಹಣೆಯಲ್ಲಿ ತಣ್ಣನೆ ಬೆವರು, ಬಾಯಿಂದ ಜೊಲ್ಲು. ಪಕ್ಕದಲ್ಲಿ ಇನ್ನೊಂದು ಲೋಟ ಹಬೆಯಾಡುತ್ತಿತ್ತು. ನಾನು ಅದನ್ನು ಕಿಟಕಿಯಿಂದ ಚೆಲ್ಲಿದೆ. ಅಟ್ಟದಿಂದ ಒಂದು ಹಿಡಿ ಸೊಪ್ಪು ತಂದು ಚಿಕ್ಕಮ್ಮನ ಅಂಗೈಗೆ ಸುರಿದು, ಕಂದು ಚೂರುಗಳನ್ನು ಬೆರಳಿನಿಂದ ಬೇರೆ ಮಾಡಿ ತೋರಿಸಿದೆ.

"ಇದು ವಿಷ, ಚಿಕ್ಕಮ್ಮ."

"ತಂಬಾಕು ವಿಷವಾ? ಇದನ್ನ ಬೆಳೆದೇ ಅಲ್ವೇ ನಿಮ್ಮನ್ನೆಲ್ಲ ಓದಿಸಿದ್ದು?" ಅಂದಳು. ಮಗುವಿನ ಕಡೆ ನೋಡಿದಳು. ದನಿ ಇಳಿಯಿತು. "ಆಸ್ಪತ್ರೆಗೆ ಕರ್ಕೊಂಡು ಹೋಗೋಣ. ಆದ್ರೆ ಫ್ಲೂ ಅಂತಷ್ಟೇ ಹೇಳು. ಅಜ್ಜೀನೇ ವಿಷ ಹಾಕಿದ್ಲು ಅಂತ ಊರೆಲ್ಲ ಆಡ್ಕೊಳ್ಳುತ್ತೆ. ನನ್ನ ಸೊಸೆಗೆ ಏನು ಹೇಳ್ಲಿ? ಮಾತು ಕೊಡು, ಆಮೇಲೇ ಮಗೂನ ಎತ್ಕೊಳ್ಳೋದು."

"ಆಯ್ತು, ಎತ್ಕೊಳ್ಳಿ," ಎಂದೆ. ಆ ಮಾತನ್ನು ಉಳಿಸಿಕೊಳ್ಳುವ ಉದ್ದೇಶ ನನಗಿರಲಿಲ್ಲ.

ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಒಂದೇ ಪ್ರಶ್ನೆ. "ಉಸಿರು ಇದೆ ಅಲ್ವೇನೇ? ನಂಗೆ ತಿಳೀತಿಲ್ಲ, ನೀನೇ ನೋಡೇ." ಎರಡು ಸಲ ಕಾರು ನಿಲ್ಲಿಸಿ ನೋಡಿದೆ. ಇತ್ತು, ಆದರೆ ತೀರಾ ಸಣ್ಣಗೆ.

ಆಸ್ಪತ್ರೆಯ ಹಜಾರದ ತುಂಬ ಕೆಮ್ಮುವ ಮಕ್ಕಳು. ಬಳಲಿದ ವೈದ್ಯೆ ರಾಲಿತ್ಸಾಳ ಹಣೆ ಮುಟ್ಟಿದಳು.

"ಜ್ವರ, ವಾಂತಿ. ಈ ವಾರ ಎಲ್ಲಾ ಇದೇ. ಅಲ್ಲಿ ಕೂತಿರಿ, ಕರೀತೀವಿ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಚಿಕ್ಕಮ್ಮ ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ತಳ್ಳಿದಳು. ಬೆಂಚಿನ ಮೇಲಿದ್ದ ನಮ್ಮೂರ ಹೆಂಗಸರಿಬ್ಬರು ತಿರುಗಿ ನೋಡಿದರು. ಅವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಫ್ಲೂ ಅಲ್ಲಮ್ಮ. ತಂಬಾಕು. ನಿನ್ನೆಯಿಂದ ಗಂಟೆಗೊಂದು ಲೋಟ ನಾನೇ ಕುಡಿಸಿದೀನಿ."

ವೈದ್ಯೆ ಮಗುವನ್ನು ಕಸಿದುಕೊಂಡು ಒಳಗೆ ಓಡಿದಳು. ಬಾಗಿಲು ಮುಚ್ಚಿತು. ಚಿಕ್ಕಮ್ಮನ ಕೈಗಳು ಮಗುವನ್ನು ಹಿಡಿದಿದ್ದ ಹಾಗೆಯೇ ಮುಂದಕ್ಕೆ ಚಾಚಿಕೊಂಡಿದ್ದವು. ಕೆಳಗಿಳಿಸಲು ನಾನು ಮುಟ್ಟಿದರೂ ಬಿಡಲಿಲ್ಲ.