ಸರ್ದಾರನ ಬಾಯಲ್ಲಿ ಎಲುಬಿರಲಿಲ್ಲ

ಬಾಲಯ್ಯನ ನಾಯಿ ಸರ್ದಾರ ನಿನ್ನೆಯಿಂದ ಅಂಬಲಿ ಮುಟ್ಟಿರಲಿಲ್ಲ. ಬೋಗುಣಿಯಲ್ಲಿ ಹಾಕಿದ್ದು ಹಾಕಿದಂತೆಯೇ ಇತ್ತು, ಮೇಲೆ ನೊಣ ಕೂತಿದ್ದವು. ಅವನ ಕೆಳದವಡೆ ಜೋತುಬಿದ್ದಿತ್ತು. ಬಾಯಿಂದ ಎಳೆ ಎಳೆಯಾಗಿ ಜೊಲ್ಲು ಸುರಿಯುತ್ತಿತ್ತು. ಬೊಗಳಿದರೆ ದನಿ ಒಡೆದು, ಬೇರೆ ಯಾವುದೋ ಪ್ರಾಣಿ ಕೂಗಿದಂತೆ ಕೇಳುತ್ತಿತ್ತು.

"ಗಂಟಲಾಗ ಎಲುಬು ಸಿಕ್ಕೈತಿ," ಎಂದ ಬಾಲಯ್ಯ. "ಬೀರಪ್ಪನ ಹಬ್ಬದಾಗ ತಿಂದಿದ್ದು. ಅದಕ್ಕ ನುಂಗಾಕ ಆಗವಲ್ದು."

ತೆಲಂಗಾಣದ ಗಡಿಯ ಕೃಷ್ಣಾ ಮಂಡಲದ ಆ ಹಳ್ಳಿಯಲ್ಲಿ ಕುರಿ-ನಾಯಿ ವಿಷಯದಲ್ಲಿ ಬಾಲಯ್ಯನ ಮಾತಿಗೆ ಎದುರು ಮಾತಿಲ್ಲ. ಹಲ್ಲು ಅರ್ಧ ಉದುರಿದ್ದವು, ಮೊಣಕಾಲು ನೋಯುತ್ತಿದ್ದವು, ಆದರೂ ಕುರಿ ಹಿಂಡಿನ ಹಿಂದೆ ಹೋಗುವುದನ್ನು ಬಿಟ್ಟಿರಲಿಲ್ಲ. ಸರ್ದಾರನನ್ನು ಕಣ್ಣು ಬಿಡದ ಮರಿಯಿದ್ದಾಗ ಕಂಬಳಿಯಲ್ಲಿ ಸುತ್ತಿಕೊಂಡು ತಂದು ಸಾಕಿದವನು ಅವನೇ. ಈಗ ನಾಯಿಯನ್ನು ಬೇವಿನ ಮರಕ್ಕೆ ಹಗ್ಗದಿಂದ ಕಟ್ಟಿದ. ಹೆಂಡತಿಯನ್ನು ಕರೆದ.

"ಏ ಶಂಕ್ರೀ, ಇದರ ತಲಿ ಹಿಡಿ ಬಾ."

"ಬಾಯಾಗ ಕೈ ಹಾಕಬ್ಯಾಡ್ರಿ. ನಂಗ್ಯಾಕೋ ಚಲೋ ಕಾಣವಲ್ದು."

"ನಮ್ಮ ನಾಯಿಗೆ ಹೆದರ್ತಿಯೇನು? ಹಿಡಿ, ಹಿಡಿ!"

ಶಂಕ್ರಮ್ಮ ಹಿಡಿದಳು. ಜೊಲ್ಲು ಅವಳ ಎರಡೂ ಕೈ ಮೇಲೆ ಹರಿಯಿತು. ಬಾಲಯ್ಯ ಮಣಿಕಟ್ಟಿನವರೆಗೂ ಕೈ ಒಳಗೆ ತೂರಿಸಿ, ನಾಲಿಗೆಯ ಹಿಂದೆ ತಡಕಾಡಿದ. ಎಲುಬಿರಲಿಲ್ಲ, ಮುಳ್ಳಿರಲಿಲ್ಲ, ಏನೂ ಇರಲಿಲ್ಲ. ಕೈ ಹೊರಗೆಳೆಯುವಾಗ ಕೋರೆಹಲ್ಲು ಬೆರಳಿನ ಸಂದಿಯನ್ನು ಸೀಳಿ ರಕ್ತ ಬಂತು.

ಬಾಲಯ್ಯ ಅದಕ್ಕೆ ಕೇರೇ ಮಾಡಲಿಲ್ಲ. ಒಳಗೆ ಹೋಗಿ ಮೈಲಾರಲಿಂಗನ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು ಗಾಯಕ್ಕೆ ಒತ್ತಿದ. ಅವನು ಮೈಲಾರನ ವಗ್ಗಯ್ಯ, ದೀಕ್ಷೆ ತೆಗೆದುಕೊಂಡವನು. ಐತಾರದ ಸೇವೆಯಲ್ಲಿ ಕರಿಕಂಬಳಿಯ ನಿಲುವಂಗಿ ತೊಟ್ಟು, ದೇವರ ನಾಯಿಯಾಗಿ ಬೊಗಳಿ, ದೋಣಿ ಎನ್ನುವ ಪಾತ್ರೆಯಲ್ಲಿ ಸುರಿದ ಹಾಲು-ಬಾಳೆಹಣ್ಣನ್ನು ಬಾಯಿ ಹಾಕಿ ತಿನ್ನುವವನು. ದೇವರ ಅರಿಶಿನದ ಪುಡಿ ಒಂದಿದ್ದರೆ ಅವನಿಗೆ ಬೇರೆ ಔಷಧಿಯ ಹಂಗಿಲ್ಲ.

ಆದರೆ ಇಂಥ ಜೊಲ್ಲು ಎಂಥದೆಂದು ಶಂಕ್ರಮ್ಮನಿಗೆ ಗೊತ್ತಿತ್ತು. ಅವಳ ಸ್ವಂತ ಅಣ್ಣ ಎಂಕಪ್ಪ ಹುಚ್ಚುನಾಯಿ ಕಡಿದೇ ಸತ್ತವನು. ಆ ಮಾತನ್ನು ಬಾಯಿಗೆ ತರಲು ಅವಳಿಗೆ ಇವತ್ತಿಗೂ ಆಗುವುದಿಲ್ಲ. ಗಂಡನಿಗೂ ಹಾಗೇ ಆದರೆ? ಓಣಿಯ ತುದಿಗೆ ಓಡಿ ಆಶಾ ಕಾರ್ಯಕರ್ತೆ ಶಿರೀಷಾಳನ್ನು ಕರೆತಂದಳು.

ಶಿರೀಷಾ ದೂರದಿಂದಲೇ ನಾಯಿ ನೋಡಿದಳು. ಆಮೇಲೆ ಬಾಲಯ್ಯನ ಹಳದಿ ಕೈ ನೋಡಿದಳು.

"ತಾತಾ, ಮೊದಲು ಇದನ್ನ ತೊಳಿರಿ. ನಳದ ಕೆಳಗ ಹಿಡೀರಿ, ಸಬಕಾರ ಹಚ್ಚಿ ತಿಕ್ಕರಿ. ಕಾಲು ತಾಸು ನೀರು ಸುರೀತಾನೇ ಇರಬೇಕು."

"ದೇವರ ಭಂಡಾರ ತೊಳೀ ಅಂತೀ? ಎಲಾ ಇವಳ!"

"ಭಂಡಾರ ಇರೋದು ಹಣಿಗೆ," ಎಂದಳು ಶಂಕ್ರಮ್ಮ. "ಗಾಯದಾಗ ತುಂಬ್ರಿ ಅಂತ ಮೈಲಾರಲಿಂಗ ಯಾವಾಗ ಹೇಳ್ಯಾನ? ಏಳ್ರಿ ಮ್ಯಾಲ!"

ಅವಳು ಅವನ ರಟ್ಟೆ ಹಿಡಿದು ನಳದ ಹತ್ತಿರ ಎಳೆದುಕೊಂಡೇ ಹೋದಳು. ಬಟ್ಟೆ ಒಗೆಯುವ ಸಬಕಾರ ಕೈಗೆ ಸಿಕ್ಕಿತು, ಅದರಲ್ಲೇ ತಿಕ್ಕಿದಳು. ಬಾಲಯ್ಯ ಬೈಯುತ್ತಿದ್ದ, ಅವಳು ತೊಳೆಯುತ್ತಿದ್ದಳು. ಶಿರೀಷಾ ಸಾಕು ಅನ್ನುವ ತನಕ ಬಿಡಲಿಲ್ಲ.

"ಆಯ್ತಲ್ಲ? ಮುಗೀತಲ್ಲ?" ಬಾಲಯ್ಯ ಧೋತರಕ್ಕೆ ಕೈ ಒರೆಸಿಕೊಂಡ.

"ಎಲ್ಲಿ ಮುಗೀತು ತಾತಾ? ಈಗ ಮಕ್ತಲ್ ದವಾಖಾನಿಗೆ ಹೋಗಬೇಕು. ಹುಚ್ಚುನಾಯಿ ರೋಗದ ಸೂಜಿ ಹಾಕಿಸ್ಕೋಬೇಕು. ಇವತ್ತೇ."

"ಅದು ನನ್ನ ಕಡದಿಲ್ಲ. ಹಲ್ಲು ತಾಗೇತಿ ಅಷ್ಟ."

"ಹಲ್ಲು ತಾಗಿ ರಕ್ತ ಬಂದ್ರೂ ಒಂದ, ಕಡದ್ರೂ ಒಂದ. ರೋಗ ಜೊಲ್ಲಿನಾಗ ಇರ್ತೈತಿ."

"ಏ ಹುಡುಗಿ, ನಾ ಮೈಲಾರನ ನಾಯಿ. ನಾಯಿದು ನಾಯಿಗೆ ತಟ್ಟತೈತೇನು? ಅಲ್ದ, ಹೊಟ್ಟಿಗೆ ಸಾಲಾಗಿ ಸೂಜಿ ಚುಚ್ಚತಾರ. ಈ ವಯಸ್ಸಿನಾಗ ನಂಗ್ಯಾಕ ಆ ಶಿಕ್ಷಾ? ಇನ್ನೆಷ್ಟು ದಿನ ಇರಾಂವ ನಾ?"

"ಹೊಟ್ಟಿಗೆ ಚುಚ್ಚೋ ಕಾಲ ಎಂದೋ ಹೋತು ತಾತಾ. ಈಗ ತೋಳಿಗೆ ಹಾಕ್ತಾರ. ಸರ್ಕಾರಿ ದವಾಖಾನ್ಯಾಗ ಪುಕ್ಕಟೆ."

ಬಾಲಯ್ಯ ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ. ಹೇಳಿದ್ದೆಲ್ಲ ಕತ್ತೆಯ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಆಗ ಶಿರೀಷಾಳ ಕಣ್ಣು ಶಂಕ್ರಮ್ಮನ ಕೈ ಮೇಲೆ ಬಿತ್ತು. ಮೆಣಸಿನಕಾಯಿ ಬಿಡಿಸಿ ಬಿಡಿಸಿ ಬೆರಳೆಲ್ಲ ಒಡೆದಿದ್ದವು, ಕೆಲವು ಕಡೆ ಹಸಿ ಗಾಯವಿತ್ತು.

"ದೊಡ್ಡವ್ವಾ, ನಾಯಿ ತಲಿ ಹಿಡದವರು ನೀವೇನು? ಈ ಕೈಗೆ ಜೊಲ್ಲು ಹತ್ತಿತ್ತೇನು?"

"ಹತ್ತಿತ್ತು."

"ಹಂಗಾದ್ರ ನೀವೂ ಕೈ ತೊಳಕೋರಿ. ನಿಮಗೂ ಸೂಜಿ ಬೇಕು ದೊಡ್ಡವ್ವಾ. ತೊಗಲು ಒಡದಿರೋ ಕಡೆ ಜೊಲ್ಲು ಬಿದ್ರೂ ರೋಗ ಬರ್ತೈತಿ."

ಶಂಕ್ರಮ್ಮನಿಗೆ ಸೂಜಿಯೆಂದರೆ ಮೊದಲಿನಿಂದಲೂ ಭಯ. ಶುಗರ್ ನೋಡಲು ಬೆರಳು ಚುಚ್ಚುತ್ತಾರೆಂದು ಎಷ್ಟೋ ತಿಂಗಳು ದವಾಖಾನೆಗೇ ಹೋಗದೆ ತಪ್ಪಿಸಿಕೊಂಡವಳು. ಅದೇ ಶಂಕ್ರಮ್ಮ ಈಗ ಸಬಕಾರ ಹಚ್ಚಿ ಕೈ ತೊಳೆದಳು. ಆಧಾರ್ ಕಾರ್ಡು ಕುಪ್ಪಸದಲ್ಲಿ ಸಿಕ್ಕಿಸಿಕೊಂಡಳು. ಸೆರಗು ಸೊಂಟಕ್ಕೆ ಬಿಗಿದಳು. ಸಿಟ್ಟು ಬಂದಾಗ ಅವಳು ಗಂಡನಿಗೆ ಮರ್ಯಾದೆ ಕೊಡುವುದಿಲ್ಲ, ಅದು ಊರಿಗೇ ಗೊತ್ತು.

"ನೀ ಕೂಡು. ನಿನ್ನ ಕಾಯಾಕ ದೇವರದಾನ. ನನಗ ಬದುಕಬೇಕಾಗೈತಿ, ನಾ ಹೋಗ್ತೀನಿ."

ಹಿಂದೆ ತಿರುಗಿ ನೋಡದೆ ರಸ್ತೆಯ ಕಡೆ ನಡೆದುಬಿಟ್ಟಳು.

ತನ್ನ ಸಾವಿನ ಮಾತು ಬಾಲಯ್ಯನಿಗೆ ನಗೆಯಾಟವಾಗಿತ್ತು. ಆದರೆ 'ಹಿಡಿ, ಹಿಡಿ' ಎಂದು ಅವಳ ಕೈಗೆ ನಾಯಿಯ ತಲೆ ಕೊಟ್ಟವನು ತಾನೇ. ಅವಳಿಗೆ ಏನಾದರೂ ಆದರೆ? ಚಪ್ಪಲಿ ಮೆಟ್ಟಿ, "ಏ ಶಂಕ್ರೀ, ನಿಂದರ!" ಎಂದು ಹಿಂದೆಯೇ ಓಡಿದ. ಶಿರೀಷಾ ಓಣಿಯ ಮಕ್ಕಳನ್ನು ದೂರ ಕಳಿಸಿ, ಸರ್ದಾರನ ಹತ್ತಿರ ಯಾರೂ ಹೋಗಬಾರದೆಂದು ಎಲ್ಲರಿಗೂ ಹೇಳಿ, ಪಶು ಆಸ್ಪತ್ರೆಗೆ ಫೋನು ಮಾಡಿದಳು.

ಮಕ್ತಲ್ ಬಸ್ಸಿನಲ್ಲಿ ಶಂಕ್ರಮ್ಮ ಗಂಡನಿಗೆ ಬೆನ್ನು ಮಾಡಿ ಕೂತಳು. ಕಂಡಕ್ಟರು ಬಂದಾಗ ಮಾತ್ರ ಈ ಕಡೆ ತಿರುಗಿ, "ಹೆಂಗಸರಿಗೆ ಟಿಕೇಟಿಲ್ಲ. ಈ ಯಪ್ಪಗ ಒಂದು ಕೊಡ್ರಿ," ಎಂದು ತಾನೇ ದುಡ್ಡು ಕೊಟ್ಟಳು. ಅಷ್ಟರಲ್ಲೇ ಬಾಲಯ್ಯನಿಗೆ ತಿಳಿಯಿತು, ಅವಳು ತನ್ನ ಮೇಲಿನ ಸಿಟ್ಟು ಬಿಟ್ಟಿದ್ದಾಳೆ ಎಂದು.

ದವಾಖಾನೆಯಲ್ಲಿ ಡಾಕ್ಟರಮ್ಮ ಇಬ್ಬರ ಕೈಯನ್ನೂ ನೋಡಿದಳು, ಮತ್ತೊಮ್ಮೆ ತೊಳೆಸಿದಳು. ಇಂಥ ಗಾಯ ಮುಚ್ಚಬಾರದೆಂದು ಬಟ್ಟೆ ಕಟ್ಟಲಿಲ್ಲ, ಹೊಲಿಗೆ ಹಾಕಲಿಲ್ಲ. ಶಂಕ್ರಮ್ಮ ತನಗಿದ್ದ ಒಂದೇ ಅನುಮಾನವನ್ನು ಕೇಳಿಯೇಬಿಟ್ಟಳು.

"ಅಮ್ಮಾರ, ನನಗ ಶುಗರ್ ಐತಿ, ಇವರಿಗೆ ಬಿ.ಪಿ. ಐತಿ. ಮುದುಕರಿಗೆ ಈ ಸೂಜಿ ನಡೀತೈತೇನ್ರಿ?"

"ನಡೀತದೆ. ವಯಸ್ಸಿನ ಅಡ್ಡಿ ಇಲ್ಲ. ದಿನದ ಮಾತ್ರೆ ಬಿಡಬೇಡಿ, ಅದನ್ನೂ ನುಂಗಿ, ಇದನ್ನೂ ಹಾಕಿಸಿಕೊಳ್ಳಿ."

ಶಂಕ್ರಮ್ಮ ಕಣ್ಣು ಮುಚ್ಚಿ ಮೊದಲು ತಾನೇ ತೋಳು ಕೊಟ್ಟಳು. ಇರುವೆ ಕಚ್ಚಿದಷ್ಟೇ ನೋವು. "ಇಷ್ಟಕ್ಕ ನಾ ಹೆದರಿದ್ದು ನೋಡು ಯವ್ವಾ!" ಎಂದು ತನಗೆ ತಾನೇ ನಕ್ಕಳು.

ಬಾಲಯ್ಯನ ತೋಳಿಗೆ ಹಾಕುತ್ತ ಡಾಕ್ಟರಮ್ಮ ಕೇಳಿದಳು, "ತಾತಾ, ಕುರಿಗಳಿಗೆ ಸೂಜಿ ಹಾಕಿಸ್ತೀರಾ?"

"ಹಾಕ್ಸದ ಬಿಡ್ತೀನೇನ್ರಿ? ಒಂದ ಮರೀನೂ ಬಿಡಂಗಿಲ್ಲ ನಾ. ಪಶು ಡಾಕ್ಟರು ಬಂದ ದಿನ ಹಿಂಡಿಗೆ ಹಿಂಡ ಹೊಡಕೊಂಡು ಹೋಗ್ತೀನಿ."

"ಮರಿ ಕುಕ್ಕಕು?" ಎಂದಳು ಅವಳು ತೆಲುಗಿನಲ್ಲಿ. ಮತ್ತೆ ನಾಯಿಗೆ?

ಪ್ರತಿ ಸಲವೂ ಹಿಂಡನ್ನು ಸೂಜಿಗೆ ಹೊಡೆದುಕೊಂಡು ಹೋಗುವಾಗ ಮುಂದೆ ಓಡುತ್ತಿದ್ದವನು ಸರ್ದಾರನೇ. ಅಡ್ಡಾಡುವ ಕುರಿಯನ್ನು ತಿರುಗಿಸಿ ಸಾಲಿಗೆ ತರುತ್ತಿದ್ದವನು ಅವನೇ. 'ನಾಯಿಗೂ ಹಾಕಿಸು' ಎಂದು ಪಶು ಡಾಕ್ಟರು ಹೇಳಿದಾಗ 'ದೇವರ ನಾಯಿಗೆ ಎಂಥಾ ಸೂಜಿ ಸಾರ್' ಎಂದು ನಕ್ಕವನು ಬಾಲಯ್ಯ.

"ಹಾಕ್ಸಿಲ್ರಿ," ಎಂದ ಕೊನೆಗೆ. ತಲೆ ಎತ್ತಲಿಲ್ಲ.

ಅವನ ಗಾಯ ಆಳವಾಗಿತ್ತು, ಶಂಕ್ರಮ್ಮನ ಬೆರಳಲ್ಲೂ ಹಸಿ ಗಾಯವಿತ್ತು. ಗಾಯದೊಳಗೇ ಹಾಕುವ ಇನ್ನೊಂದು ಔಷಧಿ ಬೇಕೆಂದು ಡಾಕ್ಟರಮ್ಮ ಇಬ್ಬರನ್ನೂ ನಾರಾಯಣಪೇಟೆಯ ದೊಡ್ಡ ದವಾಖಾನೆಗೆ ಕಳಿಸಿದಳು. ಅವತ್ತೇ ಹೋದರು, ಹಾಕಿಸಿಕೊಂಡೇ ಬಂದರು. ಊರು ಮುಟ್ಟುವಷ್ಟರಲ್ಲಿ ಸರ್ದಾರ ಸತ್ತಿದ್ದ. ಪಶು ಆಸ್ಪತ್ರೆಯವರು ಕೈಗವಸು ಹಾಕಿಕೊಂಡು, ಆಳ ಗುಂಡಿ ತೋಡಿ ಹೂಳುತ್ತಿದ್ದರು. ಬಾಲಯ್ಯ ದೂರ ನಿಂತು ಹೆಂಗಸರಂತೆ ಗಟ್ಟಿಯಾಗಿ ಅತ್ತ. ಮೈ ಮುಟ್ಟಿ ಕಳಿಸಲೂ ಆಗಲಿಲ್ಲ ಅವನಿಗೆ.

ಇಷ್ಟಾದರೂ ಹಟ ಹೋಗಬೇಕಲ್ಲ! ಹುಟ್ಟುಗುಣ ಸುಟ್ಟರೂ ಹೋಗದು. ಮುಂದಿನ ಸೂಜಿಗಳಿಗೆ ಹೋಗಿಬಂದ. ಇನ್ನು ಕೊನೆಯದು ಉಳಿದಿತ್ತು. ಅದನ್ನು ಹಾಕಿಸುವ ದಿನ ಬೆಳಿಗ್ಗೆ ಕುರಿ ಬಿಡಲು ಎದ್ದು ನಿಂತ.

"ಗಾಯ ಪೂರಾ ಮಾಯ್ದೈತಿ, ಬರೇ ಕಲೆ ಉಳದೈತಿ. ಇನ್ಯಾಕ ಖಾಲಿಪೀಲಿ ಮಕ್ತಲ್‌ಗೆ? ನೀ ಹೋಗಿ ಬಾ, ಜೊತಿಗೆ ಶಿರೀಷಾನ್ನ ಕರ್ಕೋ."

ಶಂಕ್ರಮ್ಮ ಬಾಗಿಲಿಗೆ ಅಡ್ಡ ನಿಂತಳು. ಇವತ್ತು ಹೇಳಿಯೇ ತೀರಬೇಕೆಂದು ಮನಸ್ಸು ಗಟ್ಟಿಮಾಡಿಕೊಂಡಳು.

"ನಮ್ಮ ಎಂಕಪ್ಪಣ್ಣನ ಗಾಯಾನೂ ಮಾಯ್ದಿತ್ತು," ಎಂದಳು.

ಎಂಕಪ್ಪ ಹೇಗೆ ಸತ್ತನೆಂದು ಬಾಲಯ್ಯ ಕೇಳಿದ್ದ. ಆದರೆ ಹೆಂಡತಿ ಅದನ್ನು ತಾನಾಗಿ ಹೇಳಿದ್ದು ಇದೇ ಮೊದಲು.

"ನಾಟಿ ಔಷಧಿ ಕಟ್ಟಿದ್ವಿ, ಮಾಯ್ತು. ಬಿತ್ತಾಕ ಹೋದ, ಲಗ್ನಕ್ಕ ಹೋದ, ಎಲ್ಲಾ ಚಲೋನೇ ಇತ್ತು. ನಾವು ಮರತೇಬಿಟ್ವಿ. ಎಷ್ಟೋ ತಿಂಗಳಾದ ಮ್ಯಾಲ ಒಂದಿನ ನಾನ ಕೈಯಾರ ಚರಿಗಿ ನೀರು ಕೊಟ್ಟೆ. ನೀರು ನೋಡಿ ಚೀರಿದಾ ನಮ್ಮಣ್ಣ! ನೀರಡಿಕೆಯಾಗೈತಿ, ಕುಡಿಯಾಕ ಆಗವಲ್ದು. ನನ್ನ ಕಡೆ ಹೆಂಗ ನೋಡಿದ ಅಂದ್ರ..." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಆಗ ಯಾವ ಡಾಕ್ಟರ ಕೈಯಾಗೂ ಏನೂ ಇರಲಿಲ್ಲ. ಇನ್ನೊಮ್ಮೆ ನಾ ಅದನ್ನ ನೋಡಲಾರೆ. ನೀ ಬೇಕಾದ್ರ ನನ್ನ ಬೈ, ಹೊಡಿ. ಇವತ್ತು ಕುರಿ ಬಿಡಾಕ ನಾ ಬಿಡಂಗಿಲ್ಲ."

ಬಾಲಯ್ಯ ಕೋಲನ್ನು ಗೋಡೆಗೆ ಆನಿಸಿದ.

"ಶಿರೀಷಾಗ ತೊಂದ್ರಿ ಕೊಡೂದು ಬ್ಯಾಡ," ಎಂದ ಮೆಲ್ಲಗೆ. "ನಾವಿಬ್ರೂ ಹೋಗೂಣು, ನಡಿ."

ಸೂಜಿಗಳೆಲ್ಲ ಮುಗಿದವು. ಅದರ ಮುಂದಿನ ಐತಾರ ಮೈಲಾರಲಿಂಗನ ಗುಡಿಯ ಮುಂದೆ ವಗ್ಗಯ್ಯಗಳೆಲ್ಲ ಸೇರಿದ್ದರು. ದೋಣಿ ತುಂಬಿಸುವ ಮುಂಚೆ ಬಾಲಯ್ಯ ಎದ್ದು ನಿಂತ.

"ನಾವು ದೇವರ ನಾಯಿಗಳು, ಖರೆ. ಹಂಗಂತ ನಮ್ಮ ಬಾಗಲಾಗಿನ ನಾಯಿಗೆ ರೋಗ ಬರಂಗಿಲ್ಲಂತ ತಿಳೀಬ್ಯಾಡ್ರಿ. ನಾ ತಿಳದೆ, ನನ್ನ ಸರ್ದಾರನ ಕಳಕೊಂಡೆ. ನನ್ನ ಹೆಂಡತೀನ್ನ ಸಾವಿನ ಬಾಯಿಗೆ ನಾನ ತಳ್ಳಿದ್ದೆ. ನಾಳಿ ಪಶು ಡಾಕ್ಟರು ಊರಿಗೆ ಬರ್ತಾರ. ನಿಮ್ಮ ನಿಮ್ಮ ನಾಯಿ ಹಿಡಕೊಂಡು ಬರ್ರಿ. ಬರದಿದ್ರ ನಾನ ಮನಿಗೆ ಬಂದು ಹೊತ್ಕೊಂಡು ಹೋಗ್ತೀನಿ."

"ನಮ್ಮ ನಾಯಿ ಭಾಳ ಸಾಧು ಐತಿ ಬಾಲಯ್ಯಣ್ಣ," ಎಂದ ಪಕ್ಕದ ಓಣಿಯ ಆಶಪ್ಪ. "ಹುಟ್ಟಿದಾಗಿಂದ ಒಬ್ಬರಿಗೂ ಕಚ್ಚಿಲ್ಲ."

"ನನ್ನದೂ ಕಚ್ಚಲಿಲ್ಲೋ ಆಶಪ್ಪ," ಎಂದ ಬಾಲಯ್ಯ. "ಅದರ ಬಾಯಾಗ ನಾನ ಕೈ ಇಟ್ಟೆ."

ಮರುದಿನ ಆಶಪ್ಪನೇ ಎಲ್ಲರಿಗಿಂತ ಮೊದಲು ನಾಯಿ ತಂದು ನಿಲ್ಲಿಸಿದ.

ಅಕ್ಕಾ, ಅಣ್ಣಾ, ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ. ನಿಮ್ಮ ಮನೆಯ ನಾಯಿ ಉಣ್ಣದೆ, ಜೊಲ್ಲು ಸುರಿಸುತ್ತಾ ಕೂತರೆ ಎಲುಬು ಹುಡುಕಲು ಬಾಯಲ್ಲಿ ಕೈ ಹಾಕಬೇಡಿ, ಪಶು ಡಾಕ್ಟರಿಗೆ ಹೇಳಿ. ನಾಯಿ ಕಚ್ಚಲಿ, ಪರಚಲಿ, ಗಾಯದ ಮೇಲೆ ನೆಕ್ಕಲಿ, ಸಾಕಿದ್ದಾಗಲಿ ಬೀದಿಯದಾಗಲಿ, ಆ ಕ್ಷಣವೇ ಸಬಕಾರ ಹಚ್ಚಿ ಹರಿಯುವ ನೀರಲ್ಲಿ ಕಾಲು ತಾಸು ತೊಳೆಯಿರಿ. ಅರಿಶಿನ ಬೇಡ, ಸುಣ್ಣ ಬೇಡ, ಖಾರದ ಪುಡಿ ಬೇಡ. ಅದೇ ದಿನ ಸರ್ಕಾರಿ ದವಾಖಾನೆಗೆ ಹೋಗಿ. ಎಷ್ಟೇ ವಯಸ್ಸಾಗಿರಲಿ, ಹೋಗಿ. ಗಾಯ ಮಾಯ್ದರೂ ಡಾಕ್ಟರು ಹೇಳಿದ ಸೂಜಿಗಳಲ್ಲಿ ಒಂದನ್ನೂ ಬಿಡಬೇಡಿ. ವರ್ಷಕ್ಕೊಮ್ಮೆ ನಿಮ್ಮ ನಾಯಿಗೂ ಸೂಜಿ ಹಾಕಿಸಿ.

ಈ ರೋಗ ಮೈಗೆ ಬಂದ ಮೇಲೆ ಯಾವ ಔಷಧಿಯೂ ಇಲ್ಲ. ಬರುವ ಮುಂಚೆ ಇದೆ, ಅದೂ ಪುಕ್ಕಟೆ ಇದೆ. ನಿಮ್ಮ ಮನೆಯಲ್ಲಿ "ನನಗ್ಯಾಕ, ನಾ ಇನ್ನೆಷ್ಟು ದಿನ" ಎನ್ನುವ ಹಿರಿಯರಿದ್ದರೆ ಅವರ ಜೊತೆ ವಾದ ಮಾಡುತ್ತ ಕೂಡಬೇಡಿ. ಕೈ ಹಿಡಿದು ಎಬ್ಬಿಸಿ, ಬಸ್ಸು ಹತ್ತಿಸಿ.